ತೂಕಕ್ಕೆ ಸರಿಯಾದ ಚೆಂಡು

ಚೆಂಡಿನ ಹೊಲಿಗೆ ಸಡಿಲವಾದ ಕಡೆ ಒಂದು ರೇಷ್ಮೆ ಎಳೆ ಹೊರಗೆ ಬಂದಿತ್ತು. ಹಳದಿ ಬಣ್ಣದ್ದು, ಕಿರುಬೆರಳಿನಷ್ಟು ಉದ್ದ. ಎಳೆದರೆ ಇನ್ನೂ ಬರುತ್ತದೆಂದು ಗೊತ್ತಿದ್ದರಿಂದ ನಾನು ಎಳೆಯುತ್ತಿರಲಿಲ್ಲ. ಹೆಬ್ಬೆರಳಿನಿಂದ ಒಳಗೆ ತುರುಕಿ, ಆ ಭಾಗ ನೆಲಕ್ಕೆ ಬರುವಂತೆ ಚೆಂಡನ್ನು ಇಟ್ಟು, ಎರಡು ಹೆಜ್ಜೆ ಹಿಂದೆ ಸರಿದು ಒದೆಯುತ್ತಿದ್ದೆ. ಅದು ಗೋಡೆಗೆ ಬಡಿದು, ಯಾರೋ ದಿಂಬು ಎಸೆದ ಹಾಗೆ ಧಪ್ಪೆಂದು ಬೀಳುತ್ತಿತ್ತು.

ಹಿಂದೂಪುರದಲ್ಲಿ ನಮ್ಮ ಮನೆಯ ಹಿಂದೆ ಅಪ್ಪನ ಶೆಡ್ಡು ಇತ್ತು. ಎರಡು ಚರಕ, ಎರಡು ಒಲೆ. ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಕೆಲಸ. ಶೆಡ್ಡಿನ ಆಚೆ ಯಾರದೋ ಹುಣಸೆಹಣ್ಣಿನ ಗೋದಾಮು. ಗೋದಾಮಿನ ಹಿಂಗೋಡೆಗೂ ನಮ್ಮ ಶೆಡ್ಡಿಗೂ ನಡುವೆ ಒಂದು ಲಾರಿ ನಿಲ್ಲುವಷ್ಟು ಖಾಲಿ ಜಾಗ. ಎಂಬತ್ತರ ದಶಕದ ಕೊನೆಯಲ್ಲಿ ಒಂದೂವರೆ ವರ್ಷ ನಾನು ಒಬ್ಬಳೇ ಫುಟ್‌ಬಾಲ್ ಅಭ್ಯಾಸ ಮಾಡಿದ್ದು ಅಲ್ಲಿ.

ಆಟ ಶುರುವಾದದ್ದು ಅಲ್ಲಲ್ಲ. ಅನಂತಪುರದಲ್ಲಿ ಎಂ.ಎ. ಓದುವಾಗ ಹಾಸ್ಟೆಲಿನ ಹುಡುಗಿಯರನ್ನು ಸೇರಿಸಿ ಒಬ್ಬ ಮೇಡಂ ತಂಡ ಕಟ್ಟಿದ್ದರು. ಒಂದು ವರ್ಷ ಆಡಿದೆವು. ಮೇಡಂಗೆ ವರ್ಗವಾಯಿತು, ತಂಡ ಚದುರಿತು. ಹೊರಡುವ ದಿನ ಅವರು ನನ್ನನ್ನು ಕರೆದು ಹೇಳಿದರು: "ನಿನ್ನ ಎಡಗಾಲು ಇನ್ನೂ ನಿದ್ದೆಯಲ್ಲೇ ಇದೆ. ಅದನ್ನು ಎಬ್ಬಿಸೋಕೆ ಯಾರೂ ಬೇಕಾಗಿಲ್ಲ, ಒಂದು ಗೋಡೆ ಸಾಕು." ಹಳೆಯ ಚೆಂಡೊಂದನ್ನು ಕೊಟ್ಟು ಹೋದರು.

ಪದವಿ ತೆಗೆದುಕೊಂಡು ಮನೆಗೆ ಬಂದೆ. ಮೇಷ್ಟರ ಕೆಲಸ ಸಿಗಬೇಕಾದರೆ ಬಿ.ಎಡ್. ಆಗಬೇಕು, ಬಿ.ಎಡ್. ಸೀಟಿಗೆ ನನ್ನ ಅಂಕ ಸಾಲದು. ಜಿಲ್ಲಾ ತಂಡಕ್ಕೆ ಆಡಿದ ಸರ್ಟಿಫಿಕೇಟ್ ಇದ್ದರೆ ಕ್ರೀಡೆಯ ಪಾಲಿನಲ್ಲಿ ಸೀಟು ಸಿಗಬಹುದಿತ್ತು. ಹುಡುಗಿಯರ ಜಿಲ್ಲಾ ತಂಡಕ್ಕೆ ಆಯ್ಕೆ ಎಂಬುದು ಪ್ರತಿ ವರ್ಷ ನಡೆಯುವುದೂ ಇಲ್ಲ. ನಡೆದಾಗ ಹೋಗಬೇಕು, ಆಯ್ಕೆಯಾಗಬೇಕು. ನನ್ನ ಎದುರಿಗೆ ಇದ್ದದ್ದು ಇಷ್ಟೇ. ಸಂಜೆ ನಾಲ್ಕಾರು ಮಕ್ಕಳಿಗೆ ಪಾಠ ಹೇಳುವುದು, ಹಗಲು ಅಪ್ಪನ ಶೆಡ್ಡಿನಲ್ಲಿ ಕೈಜೋಡಿಸುವುದು, ಇವೆರಡರಲ್ಲೇ ವಯಸ್ಸಾಗಿಬಿಡುತ್ತದೆ ಎಂಬ ಹೆದರಿಕೆ ನನಗಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ.

ಹಾಗಾಗಿ ಬೆಳಿಗ್ಗೆ ಒಲೆ ಹೊತ್ತಿಸುವ ಮೊದಲು ಗೋಡೆಯ ಮುಂದೆ ನಿಲ್ಲುತ್ತಿದ್ದೆ. ಇದ್ದಿಲಿನಿಂದ ಗೋಡೆಗೆ ಮೂರು ಗುರುತು ಹಾಕಿದ್ದೆ, ಮೊಣಕಾಲೆತ್ತರಕ್ಕೆ ಒಂದು, ಸೊಂಟದೆತ್ತರಕ್ಕೆ ಒಂದು, ಬಲಮೂಲೆಯಲ್ಲಿ ತಲೆಗಿಂತ ಮೇಲೆ ಒಂದು. ಮೊದಲು ಬಲಗಾಲಿನ ಒಳಬದಿಯಿಂದ, ಆಮೇಲೆ ಎಡಗಾಲಿನಿಂದ. ಇಟ್ಟಿಗೆಗಳನ್ನು ಸಾಲಾಗಿಟ್ಟು ಅವುಗಳ ನಡುವೆ ಚೆಂಡನ್ನು ನಡೆಸಿಕೊಂಡು ಹೋಗಿ ಬರುವುದು. ಎಡಗಾಲು ಎಡವಿದರೆ ಮತ್ತೆ ಮೊದಲಿನಿಂದ. ಇದರಲ್ಲಿ ಹುಮ್ಮಸ್ಸು ಇತ್ತೆಂದು ಹೇಳಿದರೆ ಸುಳ್ಳಾಗುತ್ತದೆ. ಹಿಂದಿನ ದಿನದ ದಣಿವು ಮೈಯಲ್ಲಿ ಹಾಗೇ ಇರುತ್ತಿತ್ತು. ಬಿಸಿನೀರಿನಲ್ಲಿ ಗೂಡು ಆಡಿಸಿ ಬೆರಳ ತುದಿಗಳು ಬೆಳ್ಳಗೆ ನೆನೆದು ಸುಕ್ಕಾಗಿರುತ್ತಿದ್ದವು; ಶೂ ದಾರ ಕಟ್ಟುವಾಗ ಅವು ಉರಿಯುತ್ತಿದ್ದವು. ಏಳು ಅನ್ನುವವರಿರಲಿಲ್ಲ, ಸಾಕು ಅನ್ನುವವರೂ ಇರಲಿಲ್ಲ. ಒಬ್ಬಳೇ ಮಾಡುವ ಅಭ್ಯಾಸದಲ್ಲಿ ಅತ್ಯಂತ ಆಯಾಸದ ಭಾಗ ಅದೇ. ಪ್ರತಿದಿನವೂ ನಮ್ಮನ್ನು ನಾವೇ ಹೊರಗೆ ಕಳಿಸಿಕೊಳ್ಳಬೇಕು.

ಆ ಜಾಗದ ಸುತ್ತ ಜಾಲಿ ಬೆಳೆದಿತ್ತು. ಮೊದಲ ತಿಂಗಳಲ್ಲೇ ಮುಳ್ಳು ಚುಚ್ಚಿ ಚೆಂಡಿನ ಬ್ಲಾಡರ್ ಹೋಯಿತು. ಸೈಕಲ್ ಅಂಗಡಿಯಲ್ಲಿ ಪಂಕ್ಚರ್ ಹಾಕಿಸಿದೆ, ಮತ್ತೆ ಚುಚ್ಚಿತು. ಬೆಂಗಳೂರಿಗೆ ಹೋಗುತ್ತಿದ್ದ ನೆಂಟರ ಕೈಲಿ ಹೊಸದು ತರಿಸಿದೆ, ಅದೂ ಹದಿನೈದು ದಿನಕ್ಕೆ ಹೋಯಿತು. ನಾನು ಚಪ್ಪಟೆ ಚೆಂಡನ್ನು ಮಡಿಲಲ್ಲಿಟ್ಟುಕೊಂಡು ಶೆಡ್ಡಿನ ಹೊಸಿಲ ಮೇಲೆ ಕುಳಿತಿದ್ದಾಗ ಅಪ್ಪ ಚರಕ ನಿಲ್ಲಿಸಿ ಬಂದರು.

"ಎಷ್ಟು ತೂಕ ಇರ್ಬೇಕಮ್ಮ ಅದು?"

"ನಾನೂರ ಮೂವತ್ತು ಗ್ರಾಂ ಅಂತ ಮೇಡಂ ಹೇಳಿದ್ರು."

"ಹಂಗಾದ್ರೆ ಅಷ್ಟೇ ಮಾಡ್ಬುಡಾನ. ಗಾಳಿ ಇದ್ರೆ ತಾನೇ ಹೋಗೋದು? ನಮ್ಮನೇಲಿ ಜೂಟು ಐತಲ್ಲ."

ನೂಲು ತೆಗೆದಾದ ಮೇಲೆ ಉಳಿಯುವ ಸಿಕ್ಕು ಎಳೆಗೆ ನಾವು ಜೂಟು ಅನ್ನುತ್ತೇವೆ. ಅಪ್ಪ ಅದನ್ನು ತೊಳೆದು, ಎರಡು ದಿನ ಬಿಸಿಲಿಗೆ ಹಾಕಿ, ಹತ್ತಿ ಹಿಂಜಿದ ಹಾಗೆ ಹಿಂಜಿದರು. ಚೆಂಡಿನ ಚಕ್ಕಳದ ಬಾಯಲ್ಲಿ ಸ್ವಲ್ಪ ಸ್ವಲ್ಪವಾಗಿ ತುಂಬಿ ತಕ್ಕಡಿಗೆ ಇಟ್ಟರು. ಹೆಚ್ಚಾಯಿತು. ಒಂದು ಹಿಡಿ ತೆಗೆದರು. ಕಡಿಮೆಯಾಯಿತು. ಎರಡು ಬೆರಳಲ್ಲಿ ಚಿಟಿಕೆಯಷ್ಟು ಹಾಕಿದರು. ಜೀವಮಾನವೆಲ್ಲ ನೂಲನ್ನು ತೂಕಕ್ಕೆ ಮಾರಿದವರು ಅವರು. ಮುಳ್ಳು ನಡುವೆ ನಿಲ್ಲುವವರೆಗೆ ಬಿಡಲಿಲ್ಲ.

"ನೋಡ್ಕ ಕಣಮ್ಮ. ಗುಲಗಂಜಿಯಷ್ಟು ಹೆಚ್ಚೂ ಇಲ್ಲ, ಕಮ್ಮೀನೂ ಇಲ್ಲ. ಅಂಗಡೀಲಿ ತಂದಿದ್ದೂ ಇಷ್ಟು ಸರಿಯಾಗಿರಾಕಿಲ್ಲ."

ಅದು ಪುಟಿಯುವುದಿಲ್ಲವೆಂದು ನನಗೆ ಗೊತ್ತಾಗದೆ ಇರಲಿಲ್ಲ. ಮೊದಲ ಒದೆತಕ್ಕೇ ಗೊತ್ತಾಯಿತು. ಆದರೆ ತೂಕ ಸರಿಯಿತ್ತು, ಅಳತೆ ಸರಿಯಿತ್ತು. ಪುಟಿಯದ ಚೆಂಡನ್ನು ಗೋಡೆಯವರೆಗೆ ಕಳಿಸಲು ಹೆಚ್ಚು ಬಲ ಬೇಕು, ಹೆಚ್ಚು ಬಲ ಹಾಕಿ ಕಲಿತದ್ದು ಹೆಚ್ಚು ಒಳ್ಳೆಯದು ಎಂದು ಲೆಕ್ಕ ಹಾಕಿದೆ. ಕಷ್ಟದ್ದೇ ಒಳ್ಳೆಯದು ಎಂಬುದು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದ, ಎಲ್ಲರೂ ನಂಬಿದ ಮಾತು. ಹೈಸ್ಕೂಲ್ ಮೈದಾನದಲ್ಲಿ ಹುಡುಗರ ಬಳಿ ಗಾಳಿ ತುಂಬಿದ ಚೆಂಡು ಇತ್ತು. ಕೇಳಿದ್ದರೆ ಸ್ವಲ್ಪ ಹೊತ್ತು ಕೊಡುತ್ತಿದ್ದರೋ ಏನೋ. ನಾನು ಆ ದಾರಿಯಲ್ಲಿ ಹೋಗುವಾಗ ತಲೆ ತಗ್ಗಿಸಿ ನಡೆದುಬಿಡುತ್ತಿದ್ದೆ.

ಎಷ್ಟು ತೊಳೆದರೂ ಜೂಟಿಗೆ ಹುಳುವಿನ ವಾಸನೆ ಹೋಗುವುದಿಲ್ಲ. ನಾನು ಚೆಂಡು ಹೊರಗೆ ತಂದ ಕೂಡಲೇ ಬೀದಿಯ ನಾಯಿಗಳು ಬಂದು ಕುಳಿತುಕೊಳ್ಳುತ್ತಿದ್ದವು. ಕಂದು ನಾಯಿಯೊಂದು ಇಟ್ಟಿಗೆ ಸಾಲಿನ ಕೊನೆಯಲ್ಲಿ ಕಾದಿದ್ದು ಚೆಂಡಿಗೆ ಬಾಯಿ ಹಾಕುತ್ತಿತ್ತು. ಅದನ್ನು ತಪ್ಪಿಸಿಕೊಂಡು ಹೋಗುವುದು ಕಲಿತೆ. ನನ್ನ ಎದುರಾಳಿ ಎಂದು ಇದ್ದದ್ದು ಅದೊಂದೇ. ಗೋದಾಮಿನಲ್ಲಿ ಹುಣಸೆಬೀಜ ಕುಟ್ಟಲು ಬರುವ ಹೆಂಗಸರು ಕೆಲಸಕ್ಕೆ ಕೂರುವ ಮುಂಚೆ ಸ್ವಲ್ಪ ಹೊತ್ತು ನಿಂತು ನೋಡುತ್ತಿದ್ದರು.

"ಅಯ್ಯೋ, ಆ ನಾಯಿಗೇ ಕೊಟ್ಬುಡೇ ತಾಯಿ ಅತ್ಲಾಗೆ. ಎಷ್ಟಂತ ಕಾಯ್ತದೆ ಪಾಪ!" ಎಂದು ಒಬ್ಬಳು ಅಂದರೆ ಮಿಕ್ಕವರು ನಗುತ್ತಿದ್ದರು. ನಾನೂ ನಗುತ್ತಿದ್ದೆ, ಮುಖ ಗೋಡೆಯ ಕಡೆ ತಿರುಗಿಸಿಕೊಂಡು.

ಹೀಗೆ ಒಂದೂವರೆ ವರ್ಷ ಕಳೆದಾಗ ಕಲ್ಯಾಣದುರ್ಗದಲ್ಲಿದ್ದ ಅಕ್ಕನಿಗೆ ಮೂರನೆಯ ಹೆರಿಗೆಯಾಯಿತು. ಮೂರನೆಯದು ಗಂಡನ ಮನೆಯಲ್ಲೇ. ಅಮ್ಮನಿಗೆ ಶೆಡ್ಡಿನ ಒಲೆಯ ಮುಂದಿನಿಂದ ಏಳುವ ಹಾಗಿರಲಿಲ್ಲವಾದ್ದರಿಂದ ಬಾಣಂತನಕ್ಕೆ ನನ್ನನ್ನು ಕಳಿಸಿದರು. ಅದೇ ವಾರ, ಜಿಲ್ಲಾ ಹುಡುಗಿಯರ ಆಯ್ಕೆ ಈ ಸಲ ಕಲ್ಯಾಣದುರ್ಗದ ಕಾಲೇಜು ಮೈದಾನದಲ್ಲೇ ನಡೆಯುತ್ತದೆಂದು ಸುದ್ದಿ ಬಂತು. ಇನ್ನು ಆರು ತಿಂಗಳಿಗೆ. ಚೆಂಡನ್ನು ಬಟ್ಟೆಯ ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಸೋಮಂದೇಪಲ್ಲಿ ದಾಟುವಷ್ಟರಲ್ಲಿ ಬಿಸಿಲಿಗೆ ಚೀಲ ವಾಸನೆ ಬರತೊಡಗಿತು. ಕಂಡಕ್ಟರ್ ಟಿಕೆಟ್ ಹರಿಯುವುದನ್ನು ನಿಲ್ಲಿಸಿ ಮೂಗು ಅರಳಿಸಿದ.

"ಏಮ್ಮಾ, ಏನದು ಚೀಲದಾಗೆ, ಚೇಪಲಾ?"

ಮೀನಲ್ಲ, ಚೆಂಡು ಎಂದೆ.

"ಚೆಂಡು ಇಷ್ಟು ನಾತ ಹೊಡೀತದಾ?" ಎಂದು ಅವನು ಮುಂದೆ ಹೋದ. ಪಕ್ಕದಲ್ಲಿ ಕುಳಿತಿದ್ದ ಮುದುಕಿ ಪೆನುಕೊಂಡದವರೆಗೂ ಸೆರಗನ್ನು ಮೂಗಿಗೆ ಹಿಡಿದುಕೊಂಡೇ ಇದ್ದಳು.

ಬಾಣಂತನದ ಮನೆಯ ಕೆಲಸಕ್ಕೆ ಮೊದಲು ಕೊನೆ ಇರುವುದಿಲ್ಲ. ನೀರು ಕಾಯಿಸುವುದು, ಅಕ್ಕನಿಗೆ ಎಣ್ಣೆ ಹಚ್ಚಿ ಎರೆಯುವುದು, ಮಗುವಿನ ಬಟ್ಟೆ ಒಗೆಯುವುದು, ಹಿರಿಯ ಇಬ್ಬರನ್ನು ಶಾಲೆಗೆ ಸಿದ್ಧಮಾಡುವುದು. ಮೂರು ತಿಂಗಳಿಗೆ ಬರುತ್ತೇನೆಂದು ಹೋದವಳು ಆಯ್ಕೆಯ ನೆಪದಲ್ಲಿ ಅಲ್ಲೇ ಉಳಿದೆ, ಕೆಲಸವೂ ಉಳಿಯಿತು. ಮನೆಯ ಹಿಂದೆ ಕಲ್ಲು ಕಟ್ಟಿದ ಗೋಡೆ. ಕಲ್ಲುಗಳು ಒಂದೊಂದು ಒಂದೊಂದು ಕಡೆಗೆ ಮುಖ ಮಾಡಿದ್ದರಿಂದ ಚೆಂಡು ಎತ್ತ ಬೀಳುತ್ತದೆಂದು ಹೇಳುವಂತಿರಲಿಲ್ಲ. ಅದೂ ಒಳ್ಳೆಯದೇ ಎಂದುಕೊಂಡೆ. ಆದರೆ ಆ ತಿಂಗಳುಗಳಲ್ಲಿ ಎಷ್ಟೋ ಬೆಳಿಗ್ಗೆ ಒದ್ದದ್ದು ನಾನೋ, ಅಭ್ಯಾಸಬಲದಿಂದ ಏಳುವ ನನ್ನ ಕಾಲೋ ಗೊತ್ತಾಗುತ್ತಿರಲಿಲ್ಲ. ಒಮ್ಮೆ ಗೋಡೆಗೆ ಹಣೆ ಒರಗಿಸಿ ನಿಂತಲ್ಲೇ ನಿದ್ದೆ ಹೋಗಿದ್ದೆ. ಅಕ್ಕನ ಅತ್ತೆ ನೋಡಿ ಒಳಗೆ ಹೋಗಿ ಹೇಳಿದ್ದು ನನಗೂ ಕೇಳಿಸಿತು.

"ಏನ್ ಹುಡುಗೀನೇ ನಿನ್ ತಂಗಿ! ಇಷ್ಟು ದಿನ ಗೋಡೇನ ಒದ್ದು ಒದ್ದು, ಇವತ್ತು ಅದ್ನೇ ತಬ್ಕಂಡು ನಿಂತವ್ಳೆ. ರಾಜಿ ಆಗ್ಬುಟ್ಟೈತೆ ಕಾಣ್ತದೆ."

"ಸುಮ್ನಿರಿ ಅತ್ತೆ, ಅವ್ಳಿಗೆ ಕೇಳ್ತದೆ," ಎಂದಳು ಅಕ್ಕ.

"ಕೇಳ್ಲಿ ಬಿಡು. ಗೋಡೆ ಒದ್ರೆ ಒದ್ಕಳ್ಳಿ, ನಮ್ಮನ್ನೇನು ಒದೀತಿಲ್ವಲ್ಲ." ಹಾಗೆಂದವರೇ ಹೊರಗೆ ಬಂದು ಒಂದು ಲೋಟ ರಾಗಿ ಗಂಜಿಯನ್ನು ಗೋಡೆಯ ಮೇಲಿಟ್ಟು ಹೋದರು.

ಆಯ್ಕೆಯ ದಿನ ಮೈದಾನದಲ್ಲಿ ಸುಮಾರು ಮೂವತ್ತು ಹುಡುಗಿಯರಿದ್ದರು. ಹೆಚ್ಚಿನವರು ನನಗಿಂತ ಚಿಕ್ಕವರು, ಅರ್ಧದಷ್ಟು ಬರಿಗಾಲಿನವರು. ಆಯ್ಕೆ ಮಾಡಲು ಬಂದವರು ಕೊರಳಲ್ಲಿ ಸೀಟಿ ತೂಗಿಬಿಟ್ಟುಕೊಂಡ ದಪ್ಪನೆಯ ಕೋಚ್ ಒಬ್ಬರು. ರಾತ್ರಿಯೆಲ್ಲ ಬಸ್ಸಿನಲ್ಲಿ ಬಂದಿದ್ದರೋ ಏನೋ, ಅವರಿಗೂ ಸುಸ್ತಾಗಿತ್ತು. ಕಲ್ಲುಗಳ ನಡುವೆ ಚೆಂಡು ನಡೆಸುವ ಪರೀಕ್ಷೆ ಮೊದಲು. ಚೆಂಡು ಹೊಸದು, ಗಟ್ಟಿಯಾಗಿ ಗಾಳಿ ತುಂಬಿದ್ದು. ಕಾಲಿಟ್ಟೆ. ಅದು ನನ್ನಿಂದ ಓಡಿಹೋಯಿತು.

ಹಿಂದೆ ಓಡಿ ತಂದು ಮತ್ತೆ ಶುರುಮಾಡಿದೆ. ಮೂರನೆಯ ಕಲ್ಲಿನ ಹತ್ತಿರ ಮತ್ತೆ ಓಡಿತು. ನಾನು ಎರಡು ವರ್ಷ ತಳ್ಳುವುದನ್ನು ಕಲಿತಿದ್ದೆ. ಈ ಚೆಂಡಿಗೆ ತಳ್ಳುವವರು ಬೇಕಾಗಿರಲಿಲ್ಲ. ಚೆಂಡನ್ನು ಕಾಲ ಮೇಲೆ ಪುಟಿಸುತ್ತ ನಿಲ್ಲುವ ಪರೀಕ್ಷೆಯಲ್ಲಿ ಬರಿಗಾಲಿನ ಹುಡುಗಿಯರು ಮಾತಾಡಿಕೊಂಡೇ ಪುಟಿಸಿದರು. ನನಗೆ ಎರಡಕ್ಕೆ ಬಿತ್ತು. ಪುಟಿಯದ ಚೆಂಡಿನಿಂದ ಅದನ್ನು ಕಲಿಯುವುದು ಹೇಗೆ?

ಆಮೇಲೆ ಎರಡು ತಂಡ ಮಾಡಿ ಆಡಿಸಿದರು. ನನ್ನನ್ನು ಎಡಗಡೆ ನಿಲ್ಲಿಸಿದರು. ನಮ್ಮ ತಂಡದವಳೊಬ್ಬಳು ಸರಿಯಾಗಿ ನನ್ನ ಕಾಲಿಗೇ ಚೆಂಡು ಕೊಟ್ಟಳು. ನಾನು ಗೋಡೆಯ ಮುಂದೆ ಪ್ರತಿದಿನ ಹಿಡಿದಂತೆ ಕಾಲನ್ನು ಗಟ್ಟಿಯಾಗಿ ಹಿಡಿದೆ. ಜೂಟಿನ ಚೆಂಡಾಗಿದ್ದರೆ ಪಾದಕ್ಕೆ ತಗುಲಿ ಅಲ್ಲೇ ಸತ್ತು ಬೀಳುತ್ತಿತ್ತು. ಇದು ಹಲಗೆಗೆ ಬಡಿದಂತೆ ಸಿಡಿದು ಎದುರು ತಂಡದವಳ ಮುಂದೆ ಬಿತ್ತು. ಎರಡನೆಯ ಸಲವೂ ಹಾಗೇ. ಮೂರನೆಯ ಸಲ ಚೆಂಡು ಕೊಟ್ಟವಳು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಅಕ್ಕಾ, ನಿನ್ ಕಾಲೇನು ಕಲ್ಲಾ?"

ಹೇಳಿದ್ದು ತಪ್ಪಲ್ಲ. ಬರುವ ಚೆಂಡಿನೊಂದಿಗೆ ಪಾದ ಸ್ವಲ್ಪ ಹಿಂದಕ್ಕೆ ಸರಿಯಬೇಕು. ಅದನ್ನು ಮೇಡಂ ಮೊದಲ ವಾರದಲ್ಲೇ ಹೇಳಿಕೊಟ್ಟಿದ್ದರು, ನನಗೆ ಬರುತ್ತಲೂ ಇತ್ತು. ಎರಡು ವರ್ಷದಲ್ಲಿ ಅದನ್ನು ನಾನೇ ಬಹಳ ಶ್ರದ್ಧೆಯಿಂದ ಮರೆತಿದ್ದೆ. ಮೈದಾನದ ನಡುವೆ ನಿಂತು ಇಷ್ಟೂ ಸ್ಪಷ್ಟವಾಗಿ ತಿಳಿಯಿತು. ತಿಳಿದದ್ದು ತಲೆಗೆ, ಕಾಲಿಗೆ ಹೇಳಿ ಒಪ್ಪಿಸಲು ಅಲ್ಲಿ ಸಮಯವಿರಲಿಲ್ಲ.

ಕೊನೆಯ ಹೊತ್ತಿಗೆ ನಮಗೊಂದು ಫ್ರೀ ಕಿಕ್ ಸಿಕ್ಕಿತು. ಯಾರೋ ಕನಿಕರದಿಂದ ನನಗೆ ಬಿಟ್ಟುಕೊಟ್ಟರು. ಎಡಗಾಲಿನಿಂದ ಒದ್ದೆ. ಚೆಂಡು ಗೋಲಿನ ಮೇಲೆ ಹೋಯಿತು, ಕಾಂಪೌಂಡಿನ ಮೇಲೂ ಹೋಯಿತು. ಆಚೆ ಕಡಲೆಕಾಯಿ ಒಣಗಿಸುವ ಕಣದಿಂದ ಹೆಂಗಸೊಬ್ಬಳು ಬೈಯುವುದು ಕೇಳಿಸಿತು. ಎಲ್ಲರೂ ನಕ್ಕರು. ಕೋಚ್ ಸೀಟಿಯನ್ನು ಬಾಯಿಂದ ತೆಗೆದರು.

"ಅಬ್ಬಾ, ಏಂ ಬಲಂ ಅಮ್ಮಾ! ಆದ್ರೆ ನಮ್ಗೆ ಬಾಲ್ ವಾಪಸ್ ಬೇಕಲ್ಲ."

ಚೆಂಡು ಬರುವವರೆಗೆ ಆಟ ನಿಂತಿತು. ನಾನು ನನ್ನ ಎಡಗಾಲನ್ನು ನೋಡುತ್ತ ನಿಂತಿದ್ದೆ. ಅದಂತೂ ಎಚ್ಚರವಾಗಿತ್ತು.

ಆಯ್ಕೆಯಾದವರ ಹೆಸರುಗಳನ್ನು ಕೋಚ್ ಒಂದೊಂದಾಗಿ ಕೂಗಿದರು. ನನ್ನ ಹೆಸರು ಬರಲಿಲ್ಲ. ಬರುವುದಿಲ್ಲವೆಂದು ಗೊತ್ತಿದ್ದರೂ ಕೊನೆಯ ಹೆಸರಿನವರೆಗೆ ಕಿವಿಗೊಟ್ಟೆ. ಅವರು ಬೆವರು ಒರೆಸಿಕೊಂಡು ಹೇಳಿದರು: "ನಾಳೆಯಿಂದ ಹತ್ತು ದಿನ ಇಲ್ಲೇ ಕ್ಯಾಂಪು. ಟೀಮಿಗೆ ಎದುರು ಆಡೋಕೆ ಜನ ಸಾಲಲ್ಲ. ಉಳಿದೋರಲ್ಲಿ ಲೋಕಲ್ ಯಾರಾದ್ರೂ ಇದ್ರೆ ಬನ್ನಿ. ಸರ್ಟಿಫಿಕೇಟ್ ಕೊಡಲ್ಲ, ಈಗ್ಲೇ ಹೇಳ್ತಿದೀನಿ. ಆಮೇಲೆ ಬಂದು ಕೇಳ್ಬಾರ್ದು." ಹುಡುಗಿಯರು ಬಸ್‌ಸ್ಟ್ಯಾಂಡಿನ ಕಡೆ ಹೊರಟರು.

ಆ ವರ್ಷದ ಬಿ.ಎಡ್. ಸೀಟಿನ ಆಸೆ ಅಲ್ಲಿಗೆ ಮುಗಿಯಿತು. ಮನೆಗೆ ನಡೆದು ಹೋದೆ. ಅಕ್ಕ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಕುಳಿತಿದ್ದಳು. ಆದದ್ದನ್ನು ಹೇಳಿದೆ, ಚೆಂಡಿನ ವಿಷಯವನ್ನೂ ಹೇಳಿದೆ. ಅವಳು ಮಗುವಿನ ಬೆನ್ನು ತಟ್ಟುತ್ತ ಕೇಳಿದಳು.

"ಅಪ್ಪಂಗೆ ಹೇಳ್ತೀಯೇನೇ?"

"ಇಲ್ಲ."

"ಹೇಳ್ಬೇಡ ಕಣೆ. ಅದ್ರ ತೂಕ ಎಷ್ಟು ಸರಿ ಮಾಡಿದೆ ಅಂತ ಇಲ್ಲಿಗೆ ಬಂದಾಗೆಲ್ಲಾ ಹೇಳ್ತಿರ್ತಾರೆ. ನಿಮ್ ಭಾವಂಗೂ ಹೇಳವ್ರೆ, ಪಕ್ಕದ ಮನೆಯೋರ್ಗೂ ಹೇಳವ್ರೆ."

ಬೇರೆಯವರು ನನಗಿಂತ ಚೆನ್ನಾಗಿ ಆಡಿದರು ಎಂದಷ್ಟೇ ಅಪ್ಪನಿಗೆ ಕಾರ್ಡು ಬರೆದೆ. ಅದೂ ನಿಜವೇ. ಇಂದಿಗೂ ಅವರಿಗೆ ಬೇರೇನೂ ಗೊತ್ತಿಲ್ಲ. ಸಂಜೆ ಬಟ್ಟೆ ಒಗೆದು ಹರವಿದೆ, ರಾಗಿ ಮುದ್ದೆ ತೊಳಸಿದೆ. ಅಕ್ಕನ ಅತ್ತೆ ಊಟಕ್ಕೆ ಕೂತಾಗ ನನ್ನ ತಟ್ಟೆಗೆ ತಾವೇ ತುಪ್ಪ ಹಾಕಿದರು.

"ನಾಳೆಯಾದ್ರೂ ಬೆಳಕು ಹರಿಯೋಗಂಟ ಮಲೀಕ ತಾಯಿ. ಗೋಡೆ ಎಲ್ಲೂ ಓಡ್ಹೋಗಾಕಿಲ್ಲ. ನೀರು ನಾನ್ ಕಾಯಿಸ್ಕತೀನಿ."

ಹೂಂ ಎಂದೆ. ನಿಜವಾಗಿಯೂ ಮಲಗಬೇಕೆಂದೇ ಇದ್ದೆ. ಮೈಯೆಲ್ಲ ಅದನ್ನೇ ಕೇಳುತ್ತಿತ್ತು.

ಮರುದಿನ ಬೆಳಿಗ್ಗೆ ಎಂದಿನ ಹೊತ್ತಿಗೇ ಎಚ್ಚರವಾಯಿತು. ಸ್ವಲ್ಪ ಹೊತ್ತು ಸೂರು ನೋಡುತ್ತ ಮಲಗಿದ್ದೆ. ಆಮೇಲೆ ಎದ್ದು ಮುಖ ತೊಳೆದು, ಶೂ ಕೈಯಲ್ಲಿ ಹಿಡಿದುಕೊಂಡು, ಸದ್ದಾಗದಂತೆ ಬಾಗಿಲು ಎಳೆದುಕೊಂಡು ಕಾಲೇಜು ಮೈದಾನಕ್ಕೆ ಹೋದೆ. ಆಯ್ಕೆಯಾದ ಹುಡುಗಿಯರು ಓಡುತ್ತಿದ್ದರು. ಕೋಚ್ ಕಲ್ಲಿನ ಮೇಲೆ ಕುಳಿತು ಟೀ ಕುಡಿಯುತ್ತಿದ್ದರು. ಅವರ ಮುಂದೆ ಹೋಗಿ ನಿಂತಾಗ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತು ಮರೆತುಹೋಯಿತು.

"ಎದುರು ಆಡೋಕೆ ಬಂದಿದ್ದೀನಿ ಸಾರ್," ಎಂದೆ. "ಆಟ ಶುರುವಾಗೋ ತನಕ ಒಂದು ಚೆಂಡು ಕೊಡ್ತೀರಾ?"

ಅವರು ಟೀ ಲೋಟದ ಮೇಲಿಂದ ನನ್ನನ್ನು ನೋಡಿದರು. ಗುರುತು ಸಿಕ್ಕಿತು.

"ಕಾಂಪೌಂಡ್ ಆಚೆ ಹೋದ್ರೆ ನೀನೇ ಹೋಗಿ ತರ್ಬೇಕು," ಎಂದು ಬಲೆಯ ಚೀಲದ ಕಡೆ ಕೈ ತೋರಿಸಿದರು.

ಒಂದನ್ನು ತೆಗೆದುಕೊಂಡೆ. ಮೈದಾನದ ತುದಿಯಲ್ಲಿ ಇನ್ನೊಬ್ಬಳು ಬರಿಗಾಲಿನ ಹುಡುಗಿ ಒಬ್ಬಳೇ ಕುಳಿತಿದ್ದಳು, ಅವಳ ಹೆಸರೂ ನಿನ್ನೆ ಬಂದಿರಲಿಲ್ಲ. ಅವಳ ಕಡೆ ಚೆಂಡು ಉರುಳಿಸಿ, ಗಟ್ಟಿಯಾಗಿ ಬೇಡ, ಮೆಲ್ಲಗೆ ಕಳಿಸು ಎಂದೆ. ಅವಳು ಎದ್ದು ಕಳಿಸಿದಳು. ನಾನು ಕಾಲನ್ನು ಸಡಿಲ ಬಿಟ್ಟು ನಿಂತೆ.